ಹುಳಿ ಹೋಗುವ ತನಕ

ಆಯುಧಪೂಜೆ ಹತ್ತಿರ ಬಂತೆಂದರೆ ನನಗೆ ಮೈ ಉರಿಯುತ್ತದೆ. ದಾವಣಗೆರೆಯಲ್ಲಿ ಅಂದು ಆಟೋ, ಲಾರಿ, ಹಿಟ್ಟಿನ ಗಿರಣಿ, ಕೊನೆಗೆ ಮನೆಯ ಮಿಕ್ಸಿಗೂ ಚೆಂಡುಹೂವಿನ ಹಾರ ಬೀಳುತ್ತದೆ. ಜನ ನಗುನಗುತ್ತ ಬೂದುಗುಂಬಳಕಾಯಿ ಒಡೆಯುತ್ತಿರುತ್ತಾರೆ, ನಾನೊಬ್ಬಳು ಮುಖ ಗಂಟಿಕ್ಕಿಕೊಂಡು ನಿಂತಿರುತ್ತೇನೆ. ಸಿಟ್ಟು ದೇವರ ಮೇಲಲ್ಲ, ಆತ ನಮ್ಮ ತಂಟೆಗೆ ಬಂದಿಲ್ಲ. ಬೋರ್‌ವೆಲ್ಲಿನ ಪೈಪಿನ ಮೇಲೆ ಸಿಟ್ಟು, ನಮ್ಮ ಸಾಹುಕಾರರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸೋದರಮಾವನ ಮೇಲೆ ಸಿಟ್ಟು. ಸಾಕಿ ಸಲಹಿದವನ ಮೇಲೆ ಹಾಗೆಲ್ಲ ಹಲ್ಲು ಕಡಿಯಬಾರದು ಎಂದು ಅವ್ವ ಬುದ್ಧಿ ಹೇಳುತ್ತಾಳೆ. ಅವಳಿಗೇನು, ಅವಳ ತಮ್ಮ, ಅವಳು ಹೇಳುತ್ತಾಳೆ.

ಹರಿಹರದಾಚೆ ಒಂದು ಸಣ್ಣ ಕೆಮಿಕಲ್ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ತಗಡಿನ ಶೆಡ್ಡು, ಒಂದು ಬಾಯ್ಲರು, ಎರಡು ದೊಡ್ಡ ಪಾತ್ರೆ, ಬೆರಳೆಣಿಕೆಯಷ್ಟು ಜನ. ಬಣ್ಣಕ್ಕೆ ಬೆರೆಸುವ ಥಿನ್ನರಿನಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದಲ್ಲ, ಆ ವಾಸನೆಯ ಎಸ್ಟರನ್ನು ನಾವು ಮಾಡುತ್ತೇವೆ. ಮಾವ ನನಗಿಂತ ಮುಂಚಿನಿಂದ ಅಲ್ಲಿದ್ದಾನೆ. ಅಪ್ಪ ಹೋದ ಮೇಲೆ ಕಡರನಾಯಕನಹಳ್ಳಿಯ ಆತನ ಮನೆಯಲ್ಲೇ ನಾನು ಬೆಳೆದದ್ದು, ದಾವಣಗೆರೆಗೆ ಬಸ್ಸು ಹತ್ತಿಸಿ ಎಂ.ಎಸ್ಸಿ. ಮುಗಿಸುವವರೆಗೆ ಓದಿಸಿದ್ದೂ ಆತನೇ. ನಮ್ಮಕ್ಕನ ಮಗಳು ಕೆಮಿಸ್ಟ್ರಿ ಓದ್ಯಾಳೆ ಎಂದು ಸಾಹುಕಾರರ ಮುಂದೆ ಕೈಕಟ್ಟಿ ನಿಂತು ಈ ಕೆಲಸ ಕೊಡಿಸಿದ್ದೂ ಆತನೇ.

ಆತನ ಕೆಲಸ ಆಸಿಡ್ಡು. ಗಂಧಕಾಮ್ಲದ ಜಾರುಗಳನ್ನು ಹೊತ್ತು ತಂದು, ಅಟ್ಟಣಿಗೆ ಹತ್ತಿ, ಪಾತ್ರೆಯ ಬಾಯಿಗೆ ಸುರಿಯುವುದು. ನಾನು ಡಿಗ್ರಿ ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಜಾರಿನ ಬಿರಡೆ ಸಿಡಿದು ಎಡಗಣ್ಣಿಗೆ ಆಸಿಡ್ ಹಾರಿತು. ಆ ಕಣ್ಣು ಬೇಯಿಸಿದ ಮೊಟ್ಟೆಯ ಬಿಳಿಯಂತಾಯಿತು. ಸಾಹುಕಾರರು ಆಸ್ಪತ್ರೆ ನೋಡಿಕೊಂಡರು, ಹಣ್ಣು ತಂದುಕೊಟ್ಟರು, ಗಾಯ ಮಾಯ್ದ ಮೇಲೆ ಮತ್ತೆ ಅದೇ ಜಾರಿನ ಮುಂದೆ ನಿಲ್ಲಿಸಿದರು. ಕೈ ಪಳಗಿದೆಯಂತೆ, ಬೇರೆಯವರಿಗೆ ಹೇಳಿಕೊಡುವುದು ಕಷ್ಟವಂತೆ. ಮಾವ ಹೂಂ ಎಂದ. ಆತ ಯಾವುದಕ್ಕೆ ಹೂಂ ಎಂದಿಲ್ಲ ಹೇಳಿ.

ಒಂದೇ ಕಣ್ಣಿನವರಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಮನೆಯಲ್ಲಿ ಮಾವ ಲೋಟಕ್ಕೆ ಚಹಾ ಬಗ್ಗಿಸಿದರೆ ಅರ್ಧ ಬಸಿಗೆ ಬೀಳುತ್ತದೆ. ಬಸ್ಸಿನ ಮೆಟ್ಟಿಲನ್ನು ಕಾಲಲ್ಲಿ ತಡವಿ ನೋಡಿ ಹತ್ತುತ್ತಾನೆ. ಸಾರನ್ನು ತಟ್ಟೆಯ ಅಂಚಿಗೆ ಸುರಿದುಕೊಂಡು, ಯಾರೂ ನೋಡಲಿಲ್ಲವೆಂದುಕೊಂಡು ಅಂಗೈಯಲ್ಲಿ ಒರೆಸುತ್ತಾನೆ. ಇಂಥವನು ದಿನಾ ಅಟ್ಟಣಿಗೆಯ ಮೇಲೆ ನಿಂತು ಪಾತ್ರೆಯ ಬಾಯಿಗೆ ಆಸಿಡ್ ಸುರಿಯುತ್ತಿದ್ದ. ಕೆಳಗೆ ನನ್ನ ಟೇಬಲ್ಲು. ತಲೆ ಎತ್ತಿ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ನೋಡದಿದ್ದರೆ ಇನ್ನೂ ಜಾಸ್ತಿ ಹೊಡೆದುಕೊಳ್ಳುತ್ತಿತ್ತು. ನಾನು ಆ ಕಾರ್ಖಾನೆಯಲ್ಲಿ ಏನಾದರೂ ಮಾಡಬೇಕೆಂದಿದ್ದರೆ ಅದೊಂದೇ, ಆತನ ಇನ್ನೊಂದು ಕಣ್ಣು ಉಳಿಯಬೇಕು. ಪರಿಸರ ಗಿರಿಸರ ಎಲ್ಲ ಆಮೇಲಿನ ಮಾತು.

ಇಷ್ಟಕ್ಕೂ ಎಸ್ಟರ್ ಮಾಡಲು ಆಸಿಡ್ ಯಾಕೆ ಬೇಕು? ಮದ್ಯಸಾರ ಒಂದು ಕಡೆ, ವಿನಿಗರಿನ ಹುಳಿ ಇನ್ನೊಂದು ಕಡೆ. ಎರಡೂ ಕೂಡಿದರೆ ಎಸ್ಟರೂ ನೀರೂ ಹುಟ್ಟುತ್ತವೆ. ಆದರೆ ತಾವಾಗಿ ಬೇಗ ಕೂಡುವುದಿಲ್ಲ, ನಡುವೆ ಒಬ್ಬ ದಲ್ಲಾಳಿ ಬೇಕು. ಗಂಧಕಾಮ್ಲ ಆ ದಲ್ಲಾಳಿ. ಸಂಬಂಧ ಕುದುರಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ತೊಂದರೆ ಏನೆಂದರೆ ಮದುವೆ ಮುಗಿದರೂ ಈ ದಲ್ಲಾಳಿ ಮನೆ ಬಿಟ್ಟು ಹೋಗುವುದಿಲ್ಲ. ಎಸ್ಟರಿನಲ್ಲೇ ಕಲೆತು ಕೂತಿರುತ್ತದೆ. ಆಮೇಲೆ ಸೋಡಾ ಹಾಕಿ, ನೀರು ಹಾಕಿ, ಮತ್ತೆ ನೀರು ಹಾಕಿ ತೊಳೆದು ಓಡಿಸಬೇಕು. ತೊಳೆದ ನೀರು ಹಿಂದಿನ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ.

ಆ ತೊಳೆಯುವ ಕೆಲಸವೂ ಮಾವನದೇ. ತೊಳೆದ ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿ ನೋಡುತ್ತಿದ್ದ. ಕೆಂಪಾದರೆ ಹುಳಿ ಇನ್ನೂ ಉಳಿದಿದೆ, ಮತ್ತೆ ತೊಳೆಯಬೇಕು. ನೀಲಿಯಾಗಿಯೇ ಉಳಿದರೆ ಮುಗಿಯಿತು. ಎಷ್ಟೋ ವರ್ಷ ಆತನ ಜೀವನ ಹೀಗೇ ನಡೆದಿತ್ತು, ಹುಳಿ ಹೋಗುವ ತನಕ ತೊಳೆಯುವುದು. ಅರ್ಧಕ್ಕೆ ಬಿಟ್ಟು ಎದ್ದವನಲ್ಲ. ಅದಕ್ಕಾಗಿ ಆತನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಕಾಲೇಜಿನಲ್ಲಿ ನಾನು ಓದಿದ್ದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆಮ್ಲವನ್ನು ದ್ರವವಾಗಿ ಬೆರೆಸುವ ಬದಲು ಗಟ್ಟಿ ವಸ್ತುವಿನ ಮೈಗೆ ಅಂಟಿಸಿಬಿಡುವುದು. ಪ್ಲಾಸ್ಟಿಕ್ಕಿನಂಥ ವಸ್ತುವಿನ ಸಣ್ಣ ಕಾಳು, ಸಾಸಿವೆಯಷ್ಟು ದಪ್ಪ, ಜೇನಿನ ಬಣ್ಣ. ಆಮ್ಲ ಆ ಕಾಳಿನ ಒಳಮೈಗೆ ಕಟ್ಟಿಹಾಕಿದಂತೆ ಅಂಟಿಕೊಂಡಿರುತ್ತದೆ. ಉಕ್ಕಿನ ಒಂದು ಕೊಳವೆಯಲ್ಲಿ ಈ ಕಾಳು ತುಂಬಿ, ಬಿಸಿ ಮಿಶ್ರಣವನ್ನು ಅದರ ಮೂಲಕ ಹಾಯಿಸಿದರೆ ಸಾಕು. ದಲ್ಲಾಳಿಯನ್ನು ಕಂಬಕ್ಕೆ ಕಟ್ಟಿ ಸಂಬಂಧ ಕುದುರಿಸಿಕೊಂಡ ಹಾಗೆ. ಸುರಿಯುವುದಿಲ್ಲ, ತೊಳೆಯುವುದಿಲ್ಲ, ಚರಂಡಿಗೆ ಏನೂ ಹೋಗುವುದಿಲ್ಲ. ನಾನು ಗಾಜಿನ ಬುರುಡೆಯಲ್ಲಿ ಸಣ್ಣದಾಗಿ ಮಾಡಿ ನೋಡಿದೆ, ಆಯಿತು.

ಸಾಹುಕಾರರಿಗೆ ಹೇಳಿದರೆ ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರದು ಮಂಡಿಪೇಟೆಯಲ್ಲಿ ತಾತನ ಕಾಲದ ಅಂಗಡಿ, ಕಾರ್ಖಾನೆ ಅವರಿಗೆ ಎಡಗೈ ವ್ಯಾಪಾರ. ಮುಂದೆ ಯಾವನೋ ಹೊರಗಿನ ಗಿರಾಕಿ, ಮಾಲು ಪರಿಸರಸ್ನೇಹಿ ಆಗಿದ್ದರೆ ಮಾತ್ರ ಕೊಳ್ಳುತ್ತೇನೆ ಎಂದನಂತೆ. ಆಗ ನನ್ನ ನೆನಪಾಯಿತು. ಕೊಳವೆ ಬರುವ ಮೊದಲೇ ಗೇಟಿಗೆ ಹಸಿರು ಬೋರ್ಡು ಬಂತು, ಅದರ ಮೇಲೆ ಎರಡು ಎಲೆ, ಒಂದು ಹನಿ. ನನಗೆ ನಗು ಬರಲಿಲ್ಲ. ಯುಗಾದಿ ಕಳೆದ ಮೇಲೆ ಕೊಳವೆ ಬಂದು ನಿಂತಿತು. ನನಗಿಂತ ಸ್ವಲ್ಪ ಎತ್ತರ, ಎಲ್ಲರೂ ಅದನ್ನು ಕಂಬ ಎಂದೇ ಕರೆದರು.

ಸಾಹುಕಾರರು ಒಂದು ಷರತ್ತು ಹಾಕಿದರು. ದೀಪಾವಳಿ ತನಕ ನೋಡುತ್ತಾರೆ, ನಡುವೆ ಒಮ್ಮೆ ನಿಂತರೂ ಆಸಿಡ್ ವಾಪಸ್ಸು ಬರುತ್ತದೆ. ನಾನು ಒಪ್ಪಿದೆ. ನಿಲ್ಲಲು ಕಾರಣವೇ ಇರಲಿಲ್ಲ.

ಕಂಬ ನಡೆಯಿತು. ಮಿಶ್ರಣ ಬಿಸಿಯಾಗಿ ಕಂಬದಲ್ಲಿ ಹಾದು ಬರುವುದು, ಮೇಲಿನ ಗಾಜಿನ ಪಾತ್ರೆಯಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುವುದು. ಆ ನೀರಿನ ಗೆರೆ ಏರುತ್ತಿದ್ದರೆ ಎಸ್ಟರ್ ಆಗುತ್ತಿದೆ ಎಂದು ಲೆಕ್ಕ. ಮಾವನಿಗೆ ಪಂಪು, ಗಡಿಯಾರದಂಥ ಮಾಪಕ, ಇವನ್ನು ನೋಡಿಕೊಳ್ಳುವ ಕೆಲಸ ಕೊಟ್ಟೆ. ಮೊದಲ ವಾರ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಕಂಬಕ್ಕೆ ಮೂರು ಪಟ್ಟೆ ವಿಭೂತಿ. ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ನಾನು ರೇಗಿಸಿದೆ. ನಾಳೆ ಎಡೆಯನ್ನೂ ಇಟ್ಟುಬಿಡು, ಹೋಳಿಗೆ ಮಾಡಿಸಿ ತರಲೇನು ಎಂದೆ. ಆತ ನಗಲಿಲ್ಲ. ಮಾಪಕವನ್ನೇ ನೋಡುತ್ತ, ನನಗಲ್ಲ, ಅದಕ್ಕೇ ಹೇಳುವವನಂತೆ ಹೇಳಿದ.

"ಇದು ಬಂದ ಮ್ಯಾಲೆ ನಾನು ಬೆಳಿಗ್ಗೆ ಹೆದರ್ಕಂಡು ಏಳಂಗಿಲ್ಲ ಕಣವ್ವಾ."

ಅಂದರೆ ಅಷ್ಟು ವರ್ಷ ಹೆದರಿಕೊಂಡೇ ಎದ್ದಿದ್ದ. ನಮಗೆ ರೊಟ್ಟಿ ಬುತ್ತಿ ಕಟ್ಟಿಸಿಕೊಟ್ಟು, ನಗಾಡಿಕೊಂಡು, ಹೆಗಲಿಗೆ ಟವಲ್ ಹಾಕಿಕೊಂಡು ಹೊರಡುತ್ತಿದ್ದವನು ಒಳಗೆ ಹೆದರಿ ಸಾಯುತ್ತಿದ್ದ. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ನನ್ನ ಹಣೆಬರಹ ಅದು, ಅಳುವ ಜಾಗದಲ್ಲೆಲ್ಲ ಸಿಟ್ಟೇ ಬರುತ್ತದೆ.

ಆ ವರ್ಷದ ಆಯುಧಪೂಜೆಗೆ ನಾನು ಕಾರ್ಖಾನೆಗೆ ಹೋಗಲಿಲ್ಲ, ಕೆಲಸ ಸಿಕ್ಕ ಮೇಲೆ ಅವ್ವನ ಜೊತೆ ಮಾಡಿಕೊಂಡ ದಾವಣಗೆರೆಯ ಮನೆಯಲ್ಲೇ ಇದ್ದೆ. ಅಲ್ಲಿ ವಾಡಿಕೆಯಂತೆ ಬಾಯ್ಲರ್ ಆರಿಸಿ, ಶೆಡ್ಡಿನ ಒಂದೊಂದು ಯಂತ್ರವನ್ನೂ ತೊಳೆದರಂತೆ. ಸಾಹುಕಾರರು ಮನೆಮಂದಿಯನ್ನು ಕರೆದುಕೊಂಡು ಬಂದು ಪೂಜೆ ಮಾಡಿ, ಎಲ್ಲರಿಗೂ ಪೇಡೆ ಹಂಚಿ ಹೋದರಂತೆ. ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ಹೋಗಿ ನೋಡಿದರೆ ಕಂಬ ಮದುವಣಗಿತ್ತಿಯಂತೆ ನಿಂತಿದೆ, ಬುಡಕ್ಕೆ ಬಾಳೆಕಂದು, ಕೊರಳಿಗೆ ಹಾರ, ಮೈತುಂಬ ವಿಭೂತಿ ಕುಂಕುಮ. ಹಾರ ತೆಗೆಸಿ ಮಿಶ್ರಣ ಬಿಟ್ಟೆವು.

ನೀರಿನ ಗೆರೆ ಏರಲಿಲ್ಲ.

ಒಂದು ತಾಸು ಕಾದೆ. ಶಾಖ ನೋಡಿದೆ, ಸರಿಯಿತ್ತು. ಪಂಪು ಸರಿಯಿತ್ತು. ಮದ್ಯಸಾರದ ಡ್ರಮ್ಮಿನಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡಿದೆ, ಅದೂ ಸರಿಯಿತ್ತು. ಮಧ್ಯಾಹ್ನವಾದರೂ ಶೆಡ್ಡಿನಲ್ಲಿ ಬಾಳೆಹಣ್ಣಿನ ವಾಸನೆಯಿಲ್ಲ, ವಿನಿಗರಿನ ಗಬ್ಬು ವಾಸನೆಯೊಂದೇ. ನನಗೆ ತಲೆ ಕೆಟ್ಟು ಗೊಬ್ಬರವಾಯಿತು. ಒಂದೊಂದು ವಾಲ್ವನ್ನೂ ತಿರುಗಿಸಿ ನೋಡುತ್ತಿದ್ದಾಗ ಮಾವ ಚಹಾ ತಂದ. ಕಂಬದ ಮೇಲೆ ಮಾತ್ರ ಅನುಮಾನ ಪಡಬೇಡ ಎಂದ. ದನಿಯಲ್ಲಿ ಏನು ಹೆಮ್ಮೆ ಅಂತೀರಿ.

"ಹಬ್ಬಕ್ಕೆ ಅದನ್ನ ನಾನೇ ತೊಳ್ದೀನಿ. ಎಲ್ರೂ ಹೊರಗೆ ತೊಳೀತಾರ, ನಾನು ಒಳಗೂ ತೊಳ್ದೆ. ಬೋರಿನ ಪೈಪ್ ಹಚ್ಚಿ ಬಿಟ್ಟೆ. ಮೊದ್ಲು ಭಾಳ ಹುಳಿ ಬಂತವ್ವಾ, ನೀಲಿ ಕಾಗದ ಇಟ್ಟಕೂಡ್ಲೆ ಕೆಂಪಾಗೋದು. ಹುಳಿ ಹೋಗೋ ತನಕ ನಾನು ಪೈಪ್ ತೆಗೀಲಿಲ್ಲ."

ನಾನು ಚಹಾ ಲೋಟವನ್ನು ನೆಲಕ್ಕಿಟ್ಟು ಬೋರಿನ ಪೈಪಿನ ಕಡೆ ನೋಡಿದೆ.

ನಮ್ಮ ಭಾಗದ ಬೋರ್ ನೀರು ಎಂಥದ್ದೆಂದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಿಲ್ಲ. ಕಾಯಿಸಿದ ಪಾತ್ರೆಗೆ ಬಿಳಿ ಹೆಕ್ಕಳ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ನೀರಿನಲ್ಲಿ ಅಷ್ಟು ಸುಣ್ಣದಂಶ. ನಮ್ಮ ಕಾಳು ಇದೆಯಲ್ಲ, ಅದಕ್ಕೆ ಸುಣ್ಣ ಕಂಡರೆ ಬಲು ಆಸೆ. ಸುಣ್ಣವನ್ನು ಹಿಡಿದುಕೊಂಡು ತನ್ನ ಹುಳಿಯನ್ನು ಬಿಟ್ಟುಬಿಡುತ್ತದೆ. ನೀರು ಮೆದು ಮಾಡುವ ಯಂತ್ರಗಳಲ್ಲಿ ಇದರ ಅಣ್ಣತಮ್ಮಂದಿರನ್ನೇ ತುಂಬಿರುತ್ತಾರೆ. ಅಂದರೆ ಪೈಪು ಹಚ್ಚಿದಾಗ ಕೆಳಗೆ ಇಳಿದ ಹುಳಿ ಕೊಳೆಯಲ್ಲ, ಅದು ಕಂಬದ ಜೀವ. ಮಾವ ನೀಲಿ ಕಾಗದ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತು, ಕೊನೆಯ ಹನಿ ಜೀವ ಹೋಗುವವರೆಗೂ ಭಕ್ತಿಯಿಂದ ಅಭಿಷೇಕ ಮಾಡಿದ್ದ. ಇನ್ಯಾರಾದರೂ ಆಗಿದ್ದರೆ ಎರಡು ಕೊಡ ಸುರಿದು ಬೀಡಿ ಸೇದಲು ಹೋಗುತ್ತಿದ್ದರು, ಕಂಬ ಬದುಕುತ್ತಿತ್ತು. ಕಾಳು ತಂದಾಗ ಇಷ್ಟಕ್ಕಿಂತ ಬಿಸಿ ಮಾಡಬೇಡಿ, ತುಕ್ಕು ಬೀಳದಂತೆ ನೋಡಿಕೊಳ್ಳಿ ಎಂದೆಲ್ಲ ನಾನು ಹೇಳಿದ್ದೆ. ಅಭಿಷೇಕ ಮಾಡಬೇಡಿ ಎಂದು ಯಾವ ಪುಸ್ತಕದಲ್ಲಿ ಬರೆದಿರುತ್ತಾರೆ?

ನಾನು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನನ್ನು ಕೇಳಿದವರು ಯಾರು, ಇದೇನು ಗುಡಿಯಾ, ನೀನೇನು ಪೂಜಾರಿಯಾ, ಇದ್ದೊಂದು ಕಣ್ಣು ಉಳಿಸೋಣ ಎಂದು ನಾನು ಒದ್ದಾಡಿದರೆ ನೀನೇ ಅದರ ಬುಡಕ್ಕೆ ನೀರು ಬಿಟ್ಟೆಯಲ್ಲ ಎಂದೆ. ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಹಿರಿಯ ಮನುಷ್ಯನನ್ನು ಹೆಣ್ಣುಮಗಳು ಹೀಗೆ ಬೈಯುವುದನ್ನು ಅವರು ಕಂಡಿರಲಿಲ್ಲ. ಮಾವ ಟವಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಂಗಾದ್ರೆ ಅದನ್ನ ನಾನೇ ಕೊಂದ್ನೇನು?" ಎಂದು ಕೇಳಿದ.

ನಾನು ಎದ್ದು ಹೋಗಿ ಪಂಪು ಆರಿಸಿದೆ.

ಸಂಜೆಗೆ ಸಾಹುಕಾರರು ಬಂದರು. ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು, ಯಾರು ಮುಟ್ಟಿಸಿದರೋ. ನಾನು ಬೋರ್ ನೀರಿನ ವಿಷಯ ಹೇಳಿದೆ, ಪೈಪು ಹಚ್ಚಿದ್ದು ಯಾರೆಂದು ಹೇಳಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಮಾವ, ನಾನೇ ಸಾಹುಕಾರ್ರೆ, ಹಬ್ಬದ ದಿನ ಮೈ ತೊಳೀಬೇಕಲ್ರಿ ಎಂದುಬಿಟ್ಟ. ಈಗ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ. ಸಾಹುಕಾರರು ಒಂದು ಮಾತೂ ಬೈಯಲಿಲ್ಲ. ದೇವರ ಕೆಲಸದಲ್ಲಿ ಆದದ್ದು, ಬಿಡು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಂ, ನೀರು ಬಿದ್ರೆ ಸಾಯೋ ವಸ್ತು ನಮ್ಮೂರಿಗೆ ಆಗಂಗಿಲ್ರಿ. ಆಸಿಡ್ ನೋಡ್ರಿ, ಏನು ಮಾಡಿದ್ರೂ ಸಾಯಂಗಿಲ್ಲ. ನಾಳಿದ್ದು ಗಾಡಿ ಬರ್ತೈತೆ."

ಪಕ್ಕದಲ್ಲಿ ಮಾವ ಹೌದ್ರಿ ಎಂದು ತಲೆಯಾಡಿಸಿದ. ಆಣೆ ಮಾಡಿ ಹೇಳುತ್ತೇನೆ, ತಲೆಯಾಡಿಸಿದ. ಯಾವ ಗಾಡಿ ಬಂದರೆ ಮತ್ತೆ ದಿನಾ ಬೆಳಿಗ್ಗೆ ಹೆದರಿಕೊಂಡು ಏಳಬೇಕೋ ಆ ಗಾಡಿಗೆ. ನನಗೆ ಇಬ್ಬರನ್ನೂ ಹಿಡಿದು ಜಾಡಿಸಬೇಕೆನಿಸಿತು. ಕಾಳು ಸತ್ತಿಲ್ಲ, ಸುಣ್ಣ ಹಿಡಿದು ಕೂತಿದೆ ಅಷ್ಟೇ, ಅದನ್ನು ಎಬ್ಬಿಸಬಹುದು ಎಂದೆ. ಹೇಗೆ ಎಂದು ಕೇಳಿದರು. ನಾಚಿಕೆ ನುಂಗಿಕೊಂಡು ಇದ್ದದ್ದನ್ನು ಹೇಳಿದೆ. ಆಮ್ಲವನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಅದು ಏಳುವುದಿಲ್ಲ. ಆಸಿಡ್ ಬೇಡವೆಂದು ತಂದ ಕಾಳಿಗೆ ಒಂದು ಸಲ ಆಸಿಡ್ ಕುಡಿಸಬೇಕು.

ಸಾಹುಕಾರರಿಗೆ ನಗು ತಡೆಯಲಾಗಲಿಲ್ಲ. ನಾಳಿದ್ದು ಗಾಡಿ ಬರುವ ಹೊತ್ತಿಗೆ ಕಂಬ ನಡೆಯುತ್ತಿದ್ದರೆ ಗಾಡಿಯನ್ನು ವಾಪಸ್ ಕಳಿಸುವುದಾಗಿ ಹೇಳಿದರು. ನಿಮ್ಮ ಮಾವ ಇದ್ದಾನಲ್ಲ, ಸುರಿಯಲು ಆತನಿಗಿಂತ ಪಳಗಿದ ಕೈ ಬೇಕೇ ಎಂದೂ ಹೇಳಿ ಕಾರು ಹತ್ತಿದರು.

ಕಾರ್ಖಾನೆಯಲ್ಲಿ ಉಳಿದಿದ್ದ ಗಂಧಕಾಮ್ಲ ಇದಕ್ಕೆ ಆಗುವಂತಿರಲಿಲ್ಲ. ಸುಣ್ಣದ ಜೊತೆ ಅದು ಸೇರಿದರೆ ಗಣಪತಿ ಮಾಡುವ ಪ್ಲಾಸ್ಟರಿನಂತೆ ಕಾಳಿನೊಳಗೇ ಗಟ್ಟಿಯಾಗುತ್ತದೆ. ಹೈಡ್ರೋಕ್ಲೋರಿಕ್ ಬೇಕಿತ್ತು. ಮರುದಿನ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು ಮಂಡಿಪೇಟೆಯಲ್ಲಿ ಕೊಂಡೆ. ಅಂಗಡಿಯವನು ಯಾವ ಸಂಡಾಸು ತೊಳೆಯೋಕೆ ಇಷ್ಟೊಂದು ಎಂದು ಕೇಳಿದ. ನಿಮ್ಮ ಬಾಯಿ ತೊಳೆಯೋಕೆ ಎನ್ನಬೇಕೆಂದಿದ್ದವಳು ನುಂಗಿಕೊಂಡೆ. ಗೂಡ್ಸ್ ಆಟೋದಲ್ಲಿ ಕ್ಯಾನುಗಳ ಸುತ್ತ ಮರಳಿನ ಚೀಲ ಇರಿಸಿ, ಡ್ರೈವರನ ಪಕ್ಕ ಕೂತು, ಒಂದೊಂದು ಗುಂಡಿಗೂ ಅವನನ್ನು ಬೈಯುತ್ತ ಹರಿಹರ ಮುಟ್ಟಿಸಿದೆ.

ಬಾಯ್ಲರಿನ ಹಬೆ ತಣ್ಣಗಾಗಿ ಇಳಿದ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟಿದ್ದೆ, ಅದರಲ್ಲಿ ಸುಣ್ಣ ಇರುವುದಿಲ್ಲ. ಆ ನೀರಿಗೆ ಕ್ಯಾನಿನಿಂದ ಆಸಿಡ್ ಸುರಿದು ತೆಳ್ಳಗೆ ಮಾಡಿ, ಆಮೇಲೆ ಕಂಬಕ್ಕೆ ಬಿಡಬೇಕು. ತೆಳ್ಳಗಾದ ಮೇಲೆ ಅಷ್ಟು ಭಯವಿಲ್ಲ. ಭಯವೆಲ್ಲ ಸುರಿಯುವಾಗ. ಬಿರಡೆ ತೆಗೆದರೆ ಹೊಗೆಯಾಡುವ ಸರಕು ಅದು. ನಾನು ಸೆರಗು ಸಿಕ್ಕಿಸಿ ಕ್ಯಾನಿಗೆ ಕೈ ಹಾಕುವಷ್ಟರಲ್ಲಿ ಮಾವ ಬಂದ, ತೋಳು ಮಡಿಚಿಕೊಂಡು.

ಅತ್ತ ಸರಿ ಎಂದ. ಸರಿಯುವುದಿಲ್ಲ ಎಂದೆ. ನಿನಗೆ ಸುರುವಿ ಗೊತ್ತಿಲ್ಲ, ಕ್ಯಾನು ಗುಳುಕ್ ಅಂದಾಗ ಸಿಡಿಯುತ್ತದೆ ಎಂದ. ನಿನಗೆ ಎಷ್ಟು ಗೊತ್ತೆಂದು ನಿನ್ನ ಮುಖವೇ ಹೇಳುತ್ತದೆ ಎಂದೆ. ಎಂಥ ಮಾತು ಅದು, ಆದರೆ ಆಡಿಯಾಗಿತ್ತು. ಆತ ಕ್ಯಾನಿನ ಹಿಡಿ ಹಿಡಿದ, ನಾನೂ ಬಿಡಲಿಲ್ಲ. ಇರುವುದು ಒಂದು ಕಣ್ಣು, ಅದೂ ಹೋದರೆ ಅತ್ತೆ ನಿನ್ನನ್ನು ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಬೇಕಾ ಎಂದು ಕಿರುಚಿದೆ. ಆತ ಒಂದು ಚೂರೂ ದನಿ ಏರಿಸಲಿಲ್ಲ.

"ಅದಕ್ಕೇ ಹೇಳೋದವ್ವಾ. ನಾನು ಸುರುವಿದ್ರೆ ಹೋದ್ರೆ ಒಂದು ಹೋಗ್ತೈತೆ. ನಿನ್ನವು ಎರಡು ಅದಾವು."

ಮಂಡಿಯ ವ್ಯಾಪಾರಿಗಳೂ ಹಾಗೆ ಲೆಕ್ಕ ಹಾಕುವುದಿಲ್ಲ. ಟೊಮೆಟೊ ಕೊಳೆತರೆ ಎಷ್ಟು ನಷ್ಟ ಎನ್ನುವ ಹಾಗೆ ತನ್ನ ಕಣ್ಣಿನ ಲೆಕ್ಕ ಹೇಳಿದ. ಅದನ್ನು ಆತ ಆ ಕ್ಷಣಕ್ಕೆ ಹೊಳೆದು ಹೇಳಿದ್ದಲ್ಲ, ಹಿಂದಿನ ಸಂಜೆಯಿಂದ ಕೂತು ಯೋಚಿಸಿ ಇಟ್ಟುಕೊಂಡಿದ್ದ. ಕ್ಯಾನು ಮುಟ್ಟಿದರೆ ನೋಡು ಎಂದು ಹೇಳಿ ಸಾಹುಕಾರರ ಆಫೀಸಿಗೆ ನುಗ್ಗಿದೆ.

ಆ ಆಫೀಸಿನಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇದೆ. ಕೆಂಪಕ್ಷರದಲ್ಲಿ ಸುರಕ್ಷತೆ ಎಂದು ಬರೆದಿದೆ. ಒಳಗೆ ಕಣ್ಣಿಗೆ ಹಾಕುವ ದಪ್ಪ ಕನ್ನಡಕ, ರಬ್ಬರ್ ಕೈಗವಸು, ಮುಖವಾಡ, ಎಲ್ಲವೂ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರಿನಲ್ಲೇ ಇವೆ. ಮಾವನ ಕಣ್ಣು ಹೋದ ವರ್ಷವೇ ತಂದವು. ಸರ್ಕಾರದ ಸಾಹೇಬರು ಕಾರ್ಖಾನೆಯ ತಪಾಸಣೆಗೆ ಬಂದಾಗ ಬೀಗ ತೆಗೆಯುತ್ತಾರೆ, ಅವರು ಊಟ ಮುಗಿಸಿ ಹೋದ ಮೇಲೆ ಬೀಗ ಹಾಕುತ್ತಾರೆ. ಕೀಲಿ ಸಾಹುಕಾರರ ಜೇಬಿನಲ್ಲಿ, ಸಾಹುಕಾರರು ಮಂಡಿಪೇಟೆಯಲ್ಲಿ. ನಾನು ಎಷ್ಟೋ ಸಲ ಕೇಳಿದ್ದೆ, ಹಾಕಿಕೊಂಡರೆ ಹಾಳಾಗುತ್ತವೆ ಎಂದಿದ್ದರು. ಅಂದು ಕೇಳಲು ಹೋಗಲಿಲ್ಲ. ಬಾಯ್ಲರ್ ಮನೆಯಿಂದ ದೊಡ್ಡ ಪೈಪ್ ಪಾನಾ ತಂದು ಬೀಗಕ್ಕೆ ಬಾರಿಸಿದೆ. ಮೂರೋ ನಾಲ್ಕೋ ಏಟಿಗೆ ಕೊಂಡಿ ಕಿತ್ತು ಬಂತು. ಆಹಾ, ಎಷ್ಟು ಹಿತವಾಗಿತ್ತೆಂದರೆ, ಇನ್ನೊಂದು ಬೀಗ ಇದ್ದಿದ್ದರೆ ಅದನ್ನೂ ಒಡೆಯುತ್ತಿದ್ದೆ.

ಒಂದು ಕನ್ನಡಕ ನಾನು ಹಾಕಿಕೊಂಡೆ, ಇನ್ನೊಂದನ್ನು ಮಾವನ ತಲೆಗೆ ಬಲವಂತವಾಗಿ ಏರಿಸಿದೆ. ಕಿವಿ ನೋವಾಗುತ್ತದೆ ಎಂದ, ಆಗಲಿ ಎಂದೆ. ಆತ ಅತ್ತ ಹೋಗಲೊಪ್ಪಲಿಲ್ಲ, ನಾನು ಕ್ಯಾನು ಬಿಡಲೊಪ್ಪಲಿಲ್ಲ. ಎಳೆದಾಡಿದರೆ ಕ್ಯಾನು ಮೈಮೇಲೆ ಬೀಳುತ್ತದೆಂದು ಕೊನೆಗೆ ಇಬ್ಬರೂ ಹಿಡಿದೆವು, ನಾನು ಬಾಯಿ ಕಡೆ, ಆತ ತಳದ ಕಡೆ. ಪ್ರತಿ ಕ್ಯಾನಿಗೂ ಜಗಳವಾಡಿಕೊಂಡೇ ಸುರಿದೆವು. ಎರಡನೆಯದರಲ್ಲಿ ಒಮ್ಮೆ ಗುಳುಕ್ ಎಂದು ಚಿಮ್ಮಿತು. ಮಾವನ ಕನ್ನಡಕದ ಬಲಗಾಜಿನ ಮೇಲೆ ಎರಡು ಹನಿ ಕೂತು ಕೆಳಗೆ ಜಾರಿದವು. ಆತ ತಲೆ ಅಲುಗಿಸಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಮುಂದುವರಿದೆವು.

ಮುಂದಿನದೆಲ್ಲ ಬರೀ ಕೆಲಸ. ಆಮ್ಲದ ನೀರು ಕಂಬದಲ್ಲಿ ಮೆಲ್ಲಗೆ ಇಳಿಯಿತು. ಸುಣ್ಣವನ್ನು ಹೊತ್ತು ಕೆಳಗೆ ಬಂದದ್ದನ್ನು ಚರಂಡಿಗೆ ಬಿಡದೆ ಡ್ರಮ್ಮಿಗೆ ಹಿಡಿದು ಸೋಡಾ ಹಾಕಿ ಹುಳಿ ಮುರಿದೆವು. ಆಮೇಲೆ ಹಬೆಯ ನೀರಿನಲ್ಲಿ ತೊಳೆದು, ಮದ್ಯಸಾರ ಹಾಯಿಸಿ ಕಾಳಿನ ನೀರಿನಂಶ ತೆಗೆದೆವು. ಮರುದಿನ ಬೆಳಿಗ್ಗೆ ಮಿಶ್ರಣ ಬಿಟ್ಟಾಗ ಗಾಜಿನ ಪಾತ್ರೆಯಲ್ಲಿ ಮಂಜಿನಂಥ ಹನಿಗಳು ಕೂಡಿದವು, ತಳದಲ್ಲಿ ಗೆರೆ ಮೂಡಿತು, ಏರಿತು. ಶೆಡ್ಡೆಲ್ಲ ಬಾಳೆಹಣ್ಣು ನಾರಿತು. ಸಾಹುಕಾರರು ಬಂದು ನೋಡಿ ಭೇಷ್ ಎಂದರು. ಆಸಿಡ್ ಗಾಡಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದರು, ಗಿರಾಕಿಗೆ ಕಳಿಸಬೇಕೆಂದು ಹಸಿರು ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಡೆದ ಬೀಗದ ಬಗ್ಗೆ ಏನೂ ಅನ್ನಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಫೋಟೋ ಗದ್ದಲ ಮುಗಿದ ಮೇಲೆ ಆಫೀಸಿನೊಳಗೆ ಹೋದರೆ ಮಾವ ಆ ಬೀರುವಿನ ಮುಂದೆ ನಿಂತಿದ್ದ. ಎರಡೂ ಕನ್ನಡಕಗಳನ್ನು ಸೋಪು ಹಾಕಿ ತೊಳೆದು, ತನ್ನ ಟವಲಿನಲ್ಲಿ ಒರೆಸಿ, ಹಳೆಯ ಪ್ಲಾಸ್ಟಿಕ್ ಕವರಿನೊಳಗೆ ಮೆಲ್ಲಗೆ ತೂರಿಸುತ್ತಿದ್ದ. ಒಂದೇ ಕಣ್ಣಿಗೆ ಕವರಿನ ಬಾಯಿ ಸಿಗದೆ ಕೈ ಎರಡು ಸಲ ಪಕ್ಕಕ್ಕೆ ಹೋಯಿತು. ಕಾಳು ಮುಂದೊಂದು ದಿನ ಮತ್ತೆ ದಣಿಯುತ್ತದೆ, ಆಗ ಮತ್ತೆ ಆಸಿಡ್ ಸುರಿಯಬೇಕು, ಅದು ಆತನಿಗೂ ಗೊತ್ತು. ಯಾಕೆ ಒಳಗಿಡುತ್ತೀಯ, ನಿನ್ನ ಗೂಟಕ್ಕೆ ನೇತುಹಾಕಿಕೋ ಎಂದೆ.

"ಸಾಹೇಬ್ರು ಬಂದಾಗ ತೋರ್ಸಾಕೆ ಬೇಕಲ್ಲವ್ವಾ," ಎಂದ.

ಮರುದಿನ ಬೀರುವಿಗೆ ಹೊಸ ಬೀಗ ಬಿದ್ದಿತ್ತು, ಮೊದಲಿನದಕ್ಕಿಂತ ದಪ್ಪನೆಯದು. ನಾನು ಬಾಯ್ಲರ್ ಮನೆಗೆ ಹೋಗಿ ಪೈಪ್ ಪಾನಾ ತಂದು ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಅದು ಈಗಲೂ ಅಲ್ಲೇ ಇದೆ.